ಕೋವಿ ಅದೇ, ಕಾನೂನು ಒಂದೇ, ಗಡಿ ದಾಟಿದ್ರೆ ಮಾತ್ರ ಯಾಕೆ ಕೇಸು?

ಎಲ್ಲರಿಗೂ ನಮಸ್ಕಾರ. ಇವತ್ತು ಕಾಳುಮೆಣಸಿನ ರೇಟಿನ ಬಗ್ಗೆ ಮಾತಾಡ್ತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರ. ಹೋದ ಎಪಿಸೋಡಿನ ಕೆಳಗೆ ಒಬ್ರು ಬರೆದಿರೋದನ್ನ ಓದಿದ ಮೇಲೆ ಬೇರೆ ಯಾವುದಕ್ಕೂ ಮನಸ್ಸು ಬರ್ತಿಲ್ಲ. "ಊರು ಬಿಟ್ಟು ಬೇರೆ ರಾಜ್ಯಕ್ಕೆ ಹೋಗೋನಿಗೆ ಕೋವಿ ಯಾಕೆ? ಮಾರಿ ಹೋಗ್ಲಿ." ಇಷ್ಟೇ. ಅದರ ಕೆಳಗೆ ರಾಶಿ ಲೈಕು.

ಮಾರಿ ಹೋಗ್ಬೇಕಂತೆ! ಯಾರಿಗೆ ಮಾರೋದು ಸ್ವಾಮಿ? ಸಂತೆಯಲ್ಲಿಟ್ಟು ಮಾರೋ ಸಾಮಾನಾ ಅದು? ತಗೊಳ್ಳೋನ ಹತ್ರಾನೂ ಲೈಸೆನ್ಸ್ ಇರ್ಬೇಕು, ಅವನ ಲೈಸೆನ್ಸಿನಲ್ಲಿ ಜಾಗ ಇರ್ಬೇಕು, ಮಾರೋ ಮೊದಲು ಡಿಸಿ ಕಚೇರಿಗೋ ಹತ್ತಿರದ ಪೊಲೀಸ್ ಸ್ಟೇಷನ್ನಿಗೋ ಬರೆದು ತಿಳಿಸ್ಬೇಕು. ಲೈಕ್ ಒತ್ತಿದವರಲ್ಲಿ ಒಬ್ಬರಾದ್ರೂ ಲೈಸೆನ್ಸ್ ಪುಸ್ತಕ ಬಿಡಿಸಿ ನೋಡಿದ್ದಾರಾ?

ನಮ್ಮ ಭಾವನ ಕಥೆ ಹೇಳ್ತೀನಿ. ಮೂಡಿಗೆರೆ ಕಡೆ ಎಸ್ಟೇಟ್ ಮ್ಯಾನೇಜರ್ ಆಗಿದ್ರು. ಅವರ ಹತ್ರ ಇರೋದು ಅವರ ಅಪ್ಪನ ಕಾಲದ ಜೋಡು ನಳಿಗೆ ಕೋವಿ, 12 ಬೋರ್. ಒಂದು ಸಲಾನೂ ರಿನೀವಲ್ ತಪ್ಪಿಸಿದೋರಲ್ಲ. ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಕೊಟ್ಟು ರಸೀದಿ ತಗೊಂಡು, ಮುಗಿದ ಮೇಲೆ ವಾಪಸ್ ತಂದೋರು. ಒಂದು ಕೇಸಿಲ್ಲ, ಒಂದು ದೂರಿಲ್ಲ. ಪಕ್ಕದ ರಾಜ್ಯದ ಒಂದು ತೋಟದಲ್ಲಿ ಒಳ್ಳೆ ಕೆಲಸ ಸಿಕ್ತು, ಸಂಸಾರ ಸಮೇತ ಹೋದ್ರು. ಕೋವಿ ಸದ್ಯಕ್ಕೆ ಊರಿನ ಮನೆಯ ಬೀರುವಿನಲ್ಲೇ ಉಳೀತು.

ನಿಯಮ ಏನು ಹೇಳುತ್ತೆ ಕೇಳಿ. ಲೈಸೆನ್ಸ್‌ದಾರ ಮನೆ ಬದಲಾಯಿಸಿ 30 ದಿನಕ್ಕಿಂತ ಹೆಚ್ಚು ಕಾಲ ಕೋವಿ ಸಮೇತ ಬೇರೆ ಕಡೆ ಇರೋದಾದ್ರೆ, 30 ದಿನದೊಳಗೆ ಹೊಸ ಜಾಗದ ಅಧಿಕಾರಿಗೂ ಹಳೇ ಜಾಗದ ಅಧಿಕಾರಿಗೂ ತಿಳಿಸ್ಬೇಕು. ಹೊಸ ಕಚೇರಿ ಕೇಳಿದ್ರೆ ಲೈಸೆನ್ಸನ್ನೂ ಕೋವಿಯನ್ನೂ ತೋರಿಸ್ಬೇಕು, ಅವರು ಪುಸ್ತಕದಲ್ಲಿ ಹೊಸ ವಿಳಾಸ ಬರೀಬೇಕು. ಓದೋಕೆ ಎಷ್ಟು ಸಲೀಸು!

ಭಾವ ಹೊಸ ಊರಿನ ಕಚೇರಿಗೆ ಹೋಗಿ ಅರ್ಜಿ ಕೊಟ್ರು. ಗುಮಾಸ್ತರು ಪುಸ್ತಕ ತಿರುವಿ ಹಾಕಿ, ವ್ಯಾಪ್ತಿಯ ಕಾಲಂ, ಅಂದ್ರೆ ಲೈಸೆನ್ಸ್ ಎಲ್ಲೆಲ್ಲಿ ನಡೆಯುತ್ತೆ ಅಂತ ಬರೆದಿರೋ ಜಾಗ, ಅದರ ಮೇಲೆ ಬೆರಳಿಟ್ಟು, "ಇಲ್ಲಿ ಕರ್ನಾಟಕ ಅಂತ ಮಾತ್ರ ಇದೆಯಲ್ಲ" ಅಂದ್ರು. ಹೌದು ಸಾರ್, ಅದಕ್ಕೇ ಬಂದಿದ್ದೀನಿ. "ಸರಿ, ಕೋವಿ ತಂದು ತೋರಿಸಿ, ಎಂಟ್ರಿ ಮಾಡೋಣ." ತರೋದು ಹೇಗೆ ಸಾರ್, ವ್ಯಾಪ್ತಿ ಕರ್ನಾಟಕ ಮಾತ್ರ ಅಂತ ನೀವೇ ಹೇಳಿದ್ರಲ್ಲ? "ಹಾಗಾದ್ರೆ ನಿಮ್ಮ ಊರಿನಿಂದ ವ್ಯಾಪ್ತಿ ವಿಸ್ತರಣೆ ಮಾಡಿಸ್ಕೊಂಡು ಬನ್ನಿ." ಇಲ್ಲಿಗೆ ಬಂದ್ರೆ, "ನೀವು ಈ ಜಿಲ್ಲೆಯಲ್ಲೇ ಇಲ್ಲ, ಅಲ್ಲಿಯವರ ಹತ್ರಾನೇ ಮಾಡಿಸ್ಕೊಳ್ಳಿ" ಅಂತಾರೆ.

ಮಾರಾಯ್ರೆ, ಕೋವಿ ತರದಿದ್ರೆ ಎಂಟ್ರಿ ಇಲ್ಲ. ಎಂಟ್ರಿ ಇಲ್ದೆ ತಂದ್ರೆ ಚೆಕ್‌ಪೋಸ್ಟಿನ ಪೊಲೀಸರ ಕಣ್ಣಿಗೆ ಅದು ಲೈಸೆನ್ಸ್ ಇಲ್ಲದ ಬಂದೂಕು. ಶಸ್ತ್ರಾಸ್ತ್ರ ಕಾಯ್ದೆಯ 25ನೇ ಸೆಕ್ಷನ್ ಹಾಕಿದ್ರೆ, 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 2 ವರ್ಷ, ಹೆಚ್ಚಂದ್ರೆ 5 ವರ್ಷ ಜೈಲು. ಚೆಕ್‌ಪೋಸ್ಟಿನ ಈ ಕಡೆ ಮರ್ಯಾದಸ್ಥ ಲೈಸೆನ್ಸ್‌ದಾರ, ನೂರು ಅಡಿ ಆ ಕಡೆ ಆರೋಪಿ! ಮನುಷ್ಯ ಅವನೇ. ಕೋವಿ ಅದೇ. ಕಾನೂನು ಒಂದೇ.

ಹೌದು, ಕಾನೂನು ಒಂದೇ. ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಕೇಂದ್ರ ಪಟ್ಟಿಯ 5ನೇ ನಮೂದಿನಲ್ಲಿದೆ ಶಸ್ತ್ರಾಸ್ತ್ರ, ಮದ್ದುಗುಂಡು, ಸ್ಫೋಟಕ. 1959ರ ಕಾಯ್ದೆ ಇಡೀ ದೇಶದ್ದು, 2016ರ ನಿಯಮ ಇಡೀ ದೇಶದ್ದು. ಪ್ರತಿ ಲೈಸೆನ್ಸಿಗೂ ಯುಐಎನ್ ಅಂತ ಒಂದು ನಂಬರ್ ಇದೆ, ಅದು ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಡೇಟಾಬೇಸಿನಲ್ಲಿದೆ. ಆ ನಂಬರ್ ಇಲ್ಲದ ಲೈಸೆನ್ಸ್ ಚಲಾವಣೆಯಲ್ಲೇ ಇಲ್ಲ. ಆ ನಂಬರ್ ಹಾಕಿದ್ರೆ ಮಾಲೀಕ ಯಾರು, ಕೋವಿ ಯಾವುದು, ಅವಧಿ ಯಾವಾಗ ಮುಗಿಯುತ್ತೆ ಅಂತ ಎಲ್ಲಾ ಕಡೆ ಕಾಣ್ಬೇಕು. ಮತ್ತೆ ನಮ್ಮ ಭಾವ ಯಾರು ಅಂತ ಗೊತ್ತಾಗೋಕೆ ಎರಡು ಕಚೇರಿಗಳ ಮಧ್ಯೆ ಫೈಲು ಹಿಡ್ಕೊಂಡು ಯಾಕೆ ಅಲೀಬೇಕು?

ಇಲ್ಲೇ ಒಂದು ಮಾತು. ಈ ಚಾನೆಲ್ ನೋಡೋರಲ್ಲಿ ಬಹಳ ಜನ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ. ತೋಟದವರ ಕಷ್ಟ ತೋಟದವರೇ ಕೂತು ಮಾತಾಡೋ ಜಾಗ ಇದು. ಬೆಲ್ ಒತ್ತಿ, ನಿಮ್ಮ ಊರಿನ ವಾಟ್ಸಾಪ್ ಗುಂಪಿಗೂ ಹಾಕಿ.

ಸರಿ. "ಕೋವಿ ಅಂದ್ರೆ ಕಾರಲ್ಲ" ಅಂತಾರೆ ಕೆಲವರು. ಕಾರಿನ ವಿಷಯಾನೇ ತಗೊಳ್ಳಿ. ಬೇರೆ ರಾಜ್ಯಕ್ಕೆ ಹೋದ್ರೆ ಎನ್‌ಒಸಿ, ಮರುನೋಂದಣಿ ಅಂತ ಜನ ಒದ್ದಾಡ್ತಿದ್ರು. 2021ರಲ್ಲಿ ಕೇಂದ್ರ ಸರ್ಕಾರ ಬಿಎಚ್ ಸರಣಿ ತಂತು. ಸೈನಿಕರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ರಾಜ್ಯಗಳಲ್ಲಿ ಕಚೇರಿ ಇರೋ ಕಂಪನಿಯವರಿಗೆ ಒಂದೇ ನಂಬರ್, ದೇಶದಲ್ಲಿ ಎಲ್ಲಿ ಬೇಕಾದ್ರೂ ಓಡಿಸಿ. ಜನ ಕೆಲಸಕ್ಕೆ ಊರು ಬದಲಾಯಿಸ್ತಾರೆ ಅನ್ನೋದು ಸಾರಿಗೆಯವರಿಗೆ ಅರ್ಥವಾಯ್ತು. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಿದ್ದಿದಾಗ ಒಬ್ಬ 3 ಕೋವಿ ಇಟ್ಕೋಬಹುದಿತ್ತು, 2 ಅಂತ ಮಾಡಿದ್ರು. ಲೈಸೆನ್ಸ್ ಅವಧಿ 3 ವರ್ಷ ಇದ್ದದ್ದು 5 ಆಯ್ತು. ಅದೇ ಕೈಯಲ್ಲಿ ಗಡಿ ದಾಟೋದಕ್ಕೂ ಒಂದು ಸಲೀಸಾದ ದಾರಿ ಬರೀಬಹುದಿತ್ತು. ಬರೀಲಿಲ್ಲ!

ಇನ್ನೊಬ್ರು ಜಮ್ಮು ಕಾಶ್ಮೀರದ ಹಗರಣ ಎತ್ತಿದ್ದಾರೆ. 2012ರಿಂದ 2016ರ ನಡುವೆ ಅಲ್ಲಿ ಹೊರಗಿನವರಿಗೆಲ್ಲ ಲೈಸೆನ್ಸ್ ಹಂಚಿದ್ರು ಅನ್ನೋ ಆರೋಪ, ಸಿಬಿಐ ತನಿಖೆ, ಸಂಖ್ಯೆ 2.78 ಲಕ್ಷ. ಅದಕ್ಕೇ ಬೇರೆ ರಾಜ್ಯದ ಲೈಸೆನ್ಸ್ ಅಂದ್ರೆ ಅಧಿಕಾರಿಗಳಿಗೆ ಅನುಮಾನ ಅಂತೆ. ಒಪ್ಪೋ ಮಾತಾ ಇದು? ದುಡ್ಡು ತಗೊಂಡು ಸಹಿ ಹಾಕಿದೋರು ಕುರ್ಚಿ ಮೇಲಿದ್ದೋರು. ಶಿಕ್ಷೆ ಯಾರಿಗೆ? ಮೂಡಿಗೆರೆಯಲ್ಲಿ ಕಾಡುಹಂದಿ ಬರದ ಹಾಗೆ ತೋಟ ಕಾಯ್ತಾ ಕೂತೋನಿಗಾ? ಅನುಮಾನ ಇದ್ರೆ ವಿಚಾರಿಸಿ, ಯಾರು ಬೇಡ ಅಂದ್ರು? ಪೊಲೀಸ್ ವರದಿಗೆ ನಿಯಮದಲ್ಲೇ ಗಡುವು ಇದೆ. ಹೊಸ ಲೈಸೆನ್ಸ್ ವಿಷಯದಲ್ಲಿ, ವರದಿ ಗಡುವಿನೊಳಗೆ ಬರದಿದ್ರೆ ಕಾಯದೆ ಆದೇಶ ಮಾಡಬಹುದು ಅಂತ 13ನೇ ಸೆಕ್ಷನ್ನೇ ಹೇಳುತ್ತೆ. ಹೊಸಬರಿಗೆ ಇರೋ ಅವಕಾಶ ಹಳಬರಿಗೆ ಯಾಕಿಲ್ಲ?

ಕೊಡಗಿನ ಕಡೆ ನೋಡಿ. ಕೊಡವರಿಗೆ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, 1963ರ ಅಧಿಸೂಚನೆಯಲ್ಲಿ ಮುಂದುವರೀತು, 2019ರಲ್ಲಿ ಮತ್ತೆ 2029ರವರೆಗೆ ವಿಸ್ತರಿಸಿದ್ರು. ಪ್ರಶ್ನೆ ಮಾಡಿದ ಅರ್ಜಿಯನ್ನ 2021ರಲ್ಲಿ ನಮ್ಮ ಹೈಕೋರ್ಟ್ ವಜಾ ಮಾಡ್ತು. ಕೈಲ್‌ಪೊಳ್ದು ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಜನ ಅವರು. ನನಗೆ ಬಹಳ ಗೌರವ ಇದೆ. ಆ ವಿನಾಯಿತಿಯಲ್ಲಿ ಒಂದು ಸಾಲಿದೆ: ಕೊಡಗಿನ ಹೊರಗೆ ವಾಸ ಮಾಡುವಾಗ, ಪ್ರಯಾಣ ಮಾಡುವಾಗ ಇಂತಿಷ್ಟೇ ಇಟ್ಕೋಬೇಕು, ಒಂದು ರೈಫಲ್ಲು 100 ಗುಂಡು, ಒಂದು ಕೋವಿ 500 ತೋಟಾ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಕೂತು, ಈ ಮನುಷ್ಯ ಊರು ಬಿಟ್ಟು ಹೋಗಬಹುದು ಅಂತ ಯೋಚಿಸಿ ಬರೆದಿದ್ದಾರಲ್ಲ! ಪಕ್ಕದ ಸಕಲೇಶಪುರದ ಲೈಸೆನ್ಸ್‌ದಾರನಿಗೆ ಅಂಥದ್ದೊಂದು ಸಾಲು ಬರೆಯೋಕೆ ಏನು ಕಷ್ಟ?

ಭಾವನ ಕೋವಿ ಏನಾಯ್ತು ಗೊತ್ತಾ? ಬೀಗ ಹಾಕಿದ ಮನೆಯಲ್ಲಿ ಇಡೋ ಹಾಗಿಲ್ಲ ಅಂತ ಕೋವಿ ಡೀಲರ್ ಹತ್ರ ಡಿಪಾಸಿಟ್ ಇಟ್ರು. ನಮ್ಮ ಕಡೆ ಮಳೆ ನಿಮಗೆ ಗೊತ್ತಲ್ಲ. ಅವರಪ್ಪ ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆ ಅದ್ದಿ, ನಳಿಗೆಯೊಳಗೆ ಎಳೆದು, ಬಟ್ಟೆ ಬೆಳ್ಳಗೆ ಹೊರಗೆ ಬರೋವರೆಗೆ ಬಿಡ್ತಿರ್ಲಿಲ್ಲ. ದೀಪಾವಳಿಗೆ ಭಾವ ಬಂದಾಗ ಅಂಗಡಿಗೆ ಹೋದ್ವಿ. ಕೋವಿ ಮಡಚಿ ಬೆಳಕಿಗೆ ಹಿಡಿದ್ರು. ಬಲಗಡೆ ನಳಿಗೆಯೊಳಗೆ ಕೆಂಪಗೆ ತುಕ್ಕಿನ ಚುಕ್ಕೆ. ಬೆರಳು ಹಾಕಿ ಮುಟ್ಟಿದ್ರು, ಒರಟಾಗಿತ್ತು. ಇಡೋ ಬಾಡಿಗೆ ಬೇರೆ ಎಣಿಸಿ ಕೊಟ್ಟು ಬಂದ್ರು. ಮಾರಿ ಹೋಗ್ಲಿ ಅಂದ್ರಲ್ಲ, ಅವರು ಅವತ್ತು ನಮ್ಮ ಭಾವನ ಮುಖ ನೋಡ್ಬೇಕಿತ್ತು.

"ಅಮೆರಿಕದ ಥರ ಆಗುತ್ತೆ" ಅಂತ ಇನ್ನೊಬ್ರು. ಏನು ಅಮೆರಿಕ? ನಾನು ಹೊಸ ಲೈಸೆನ್ಸ್ ಕೇಳ್ತಿದ್ದೀನಾ? ದೇಶದಲ್ಲಿ ಒಂದೇ ಒಂದು ಕೋವಿ ಹೆಚ್ಚಾಗಲ್ಲ ಇದರಿಂದ! ಇರೋ ಕೋವಿ, ಇರೋ ಮಾಲೀಕನ ಜೊತೆ, ಇರೋ ನಂಬರಿನ ಮೇಲೆ ಹೋಗುತ್ತೆ ಅಷ್ಟೇ. ವಿಳಾಸ ಬದಲಾವಣೆಯ ಅರ್ಜಿ ಆನ್‌ಲೈನಲ್ಲಿ ಹಾಕಿದ ತಕ್ಷಣ ಸಿಗೋ ರಸೀದಿಯನ್ನೇ 30 ದಿನದ ಸಾಗಣೆ ಪರವಾನಗಿ ಅಂತ ಮಾಡಿ. ಬರೋ ದಾರಿಯಲ್ಲಿ ತೋಟಾ ಬೇರೆ, ಕೋವಿ ಬೇರೆ ಪೆಟ್ಟಿಗೆಯಲ್ಲಿರಲಿ. ಹೊಸ ಊರಿನ ಸ್ಟೇಷನ್ನಿಗೆ ಬಂದು ತೋರಿಸಿ, ಮುಗೀತು. ಇದಕ್ಕೂ ಹೆದರ್ತೀರಾ?

ಮಕ್ಕಳು ಹೈದರಾಬಾದು, ಪುಣೆ ಅಂತ ಸೇರಿರೋ ಮನೆ ಎಷ್ಟಿದೆ ನಮ್ಮ ಮಲೆನಾಡಲ್ಲಿ! ಅಪ್ಪನ ಕೋವಿ ಮಗನ ಹೆಸರಿಗೆ ಆಗ್ಬೇಕು ಅಂದ್ರೂ ಇದೇ ಗೋಳು. ಅದರ ಬಗ್ಗೆ ಬೇರೆ ಎಪಿಸೋಡೇ ಮಾಡ್ತೀನಿ.

ನಾನು ಇದನ್ನ ಬಿಡೋನಲ್ಲ. ಮನುಷ್ಯ ಅವನೇ! ಕೋವಿ ಅದೇ! ಕಾನೂನು ಒಂದೇ ಸ್ವಾಮಿ, ಒಂದೇ! ಇದಕ್ಕಿಂತ ಬಿಡಿಸಿ ಹೇಳೋದು ನನಗೆ ಗೊತ್ತಿಲ್ಲ. ಸಂಸದರು ಯಾರಾದ್ರೂ ನೋಡ್ತಿದ್ರೆ ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿ, ನಿಮ್ಮ ಭಾಷಣ ಇದೇ ಚಾನೆಲ್ಲಿನಲ್ಲಿ ಪೂರ್ತಿ ಹಾಕ್ತೀನಿ.

ಊರು ಬದಲಾಯಿಸೋಕೆ ಹೊರಟೋರು ಇದ್ರೆ ಮೊದಲು ಲೈಸೆನ್ಸ್ ತೆಗೆದು ವ್ಯಾಪ್ತಿಯ ಕಾಲಂ ನೋಡ್ಕೊಳ್ಳಿ. ಕೋವಿ ಕದಲಿಸೋ ಮೊದಲೇ ಎರಡೂ ಕಡೆ ಲಿಖಿತವಾಗಿ ತಿಳಿಸಿ, ಸೀಲು ಹಾಕಿದ ಸ್ವೀಕೃತಿ ಕೈಗೆ ಬರೋವರೆಗೆ ಕಚೇರಿಯಿಂದ ಏಳ್ಬೇಡಿ. ಭಾನುವಾರ ಸಂಜೆ ಲೈವ್ ಬರ್ತೀನಿ, ನಿಮ್ಮ ಕಾಗದಪತ್ರದ ಪ್ರಶ್ನೆಗಳನ್ನ ಅಲ್ಲಿ ಕೇಳಿ. ಮೆಣಸಿನ ರೇಟು ಅದಾದ ಮೇಲೆ.