ಸೈಟಿನ ಮೂಲೆ ಹೋದ್ರೆ ಕಾಂಪೌಂಡ್ ಗೋಡೆ ಕಡಿಮೆ ಆಗುತ್ತಾ?

[ಪರದೆ: ಒಂದು ಆಯತ. ಉದ್ದ 40 ಅಡಿ, ಅಗಲ 30 ಅಡಿ.]

ನಮಸ್ಕಾರ. ಥರ್ಟಿ ಫಾರ್ಟಿ ಸೈಟು ಅಂದ್ರೆ ಬೆಂಗಳೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತ ಕಾಂಪೌಂಡ್ ಹಾಕ್ಸಬೇಕು, ಎಷ್ಟು ಅಡಿ ಗೋಡೆ? ಉದ್ದ, ಅಗಲ ಕೂಡಿಸಿದ್ರೆ 70, ಅದರ ಎರಡರಷ್ಟು 140 ಅಡಿ. ಗೇಟಿನ ಜಾಗ ಇವತ್ತು ಲೆಕ್ಕಕ್ಕೆ ಬೇಡ.

ಈಗ ಒಂದು ಮೂಲೆಯಲ್ಲಿ 10 ಅಡಿ ಉದ್ದ, 8 ಅಡಿ ಅಗಲದ ತುಂಡು ಟ್ರಾನ್ಸ್‌ಫಾರ್ಮರ್‌ಗೆ ಬಿಟ್ಟುಕೊಡಬೇಕಾಯ್ತು ಅಂತಿಟ್ಕೊಳ್ಳಿ. 1200 ಚದರ ಅಡಿಯಲ್ಲಿ 80 ಹೋಯ್ತು. ಗೋಡೆ ಎಷ್ಟು ಉಳೀತು? ವಿಡಿಯೋ ನಿಲ್ಲಿಸಿ, ಒಂದು ಉತ್ತರ ಬರ್ಕೊಳ್ಳಿ.

[ಪರದೆ: ಮೂಲೆಯ ತುಂಡು ಮಾಯ. ಒಳಗಿನ ಎರಡು ಅಂಚು ಕೆಂಪು ಬಣ್ಣದಲ್ಲಿ.]

140 ಅಡಿ. ಒಂದಿಂಚೂ ಕಡಿಮೆ ಆಗಿಲ್ಲ. ಹೊರಗಡೆ 10 ಅಡಿ, 8 ಅಡಿ ಗೋಡೆ ಹೋಯ್ತು ನಿಜ. ಆದ್ರೆ ಒಳಗಡೆ ಈ ಎರಡು ಕೆಂಪು ಗೆರೆ ಹೊಸದಾಗಿ ಬಂದ್ವಲ್ಲ, ಅವೂ 10 ಮತ್ತು 8.

ಸೂತ್ರ ಮರೆತುಬಿಡಿ, ಗೋಡೆ ಪಕ್ಕ ನಡೀತಾ ಒಂದು ಸುತ್ತು ಬನ್ನಿ. ಪೂರ್ವಕ್ಕೆ ಒಟ್ಟು 40 ಅಡಿ ನಡೆದ್ರಿ, ವಾಪಸ್ ಪಶ್ಚಿಮಕ್ಕೂ 40. ಉತ್ತರಕ್ಕೆ 30, ದಕ್ಷಿಣಕ್ಕೆ 30. ಮಧ್ಯೆ ಎಷ್ಟು ಸಲ ತಿರುಗಿದ್ರೂ ಈ ಮೊತ್ತ ಬದಲಾಗಲ್ಲ. ಬದಲಾಗಬೇಕಾದ್ರೆ ನೀವು ಹೋದ ದಾರೀಲಿ ಹಿಂದಕ್ಕೆ ಬರಬೇಕು, ಇಲ್ಲಾ ಓರೆಯಾಗಿ ನಡೀಬೇಕು.

[ಪರದೆ: 40 ಅಡಿಯ ಬದಿಯ ನಡುವೆ ಒಂದು ಕಚ್ಚು. ಅಗಲ 10, ಆಳ 6.]

ಹಿಂದಕ್ಕೆ ಬರೋದು ಅಂದ್ರೆ ಹೀಗೆ. ರಸ್ತೆ ಕಡೆ ಮಧ್ಯದಲ್ಲೊಂದು ಹಳೇ ಮರ, ಕಡಿಯೋ ಹಾಗಿಲ್ಲ. ಅದನ್ನ ಹೊರಗೆ ಬಿಟ್ಟು ಗೋಡೆ ಕಟ್ತೀರಿ. 15 ಅಡಿ ನೇರ, 6 ಅಡಿ ಒಳಕ್ಕೆ, 10 ಅಡಿ ನೇರ, 6 ಅಡಿ ಹೊರಕ್ಕೆ, ಮತ್ತೆ 15. ಕೂಡಿಸಿ, 52. ಸುತ್ತಳತೆ 152 ಆಯ್ತು. ಜಾಗ ಹೋಗಿದ್ದು 60 ಚದರ ಅಡಿ, ಗೋಡೆ ಮಾತ್ರ 12 ಅಡಿ ಜಾಸ್ತಿ! ಕಚ್ಚಿನ ಅಗಲ 20 ಮಾಡಿದ್ರೂ 152, 1 ಅಡಿ ಮಾಡಿದ್ರೂ 152. ಆಳದ ಎರಡರಷ್ಟು ಸೇರುತ್ತೆ, ಅಷ್ಟೇ.

[ಪರದೆ: ಮೂಲ ಆಯತ. ಒಂದು ಮೂಲೆ ಓರೆಯಾಗಿ ಕತ್ತರಿಸಿದೆ.]

ಕಾರ್ನರ್ ಸೈಟಿನ ಮೂಲೆ ಓರೆಯಾಗಿ ಕತ್ತರಿಸೋದು ನೋಡಿರ್ತೀರಿ, ತಿರುವಿನಲ್ಲಿ ಬರೋ ಗಾಡಿ ಕಾಣ್ಲಿ ಅಂತ. ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ಹೋಯ್ತು ಅನ್ನಿ. ಲಂಬಕೋನ ತ್ರಿಭುಜ, ಕರ್ಣ 10. ಮೇಸ್ತ್ರಿಗಳು ಮೂಲೆ ಹಿಡಿಯೋಕೆ ಬಳಸೋ 3, 4, 5ರ ದುಪ್ಪಟ್ಟು. 14 ಹೋಗಿ 10 ಬಂತು, ಸುತ್ತಳತೆ 136.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಜಾಗ ಇಲ್ಲಿದೆ. ಆ ಓರೆ ಗೆರೆ ಬದಲು ಮೆಟ್ಟಿಲು ಥರ ಕತ್ತರಿಸಿ. ಎರಡು ಮೆಟ್ಟಿಲು, ಹತ್ತು ಮೆಟ್ಟಿಲು, ಸಾವಿರ ಮೆಟ್ಟಿಲು.

[ಪರದೆ: ಮೆಟ್ಟಿಲುಗಳು ಚಿಕ್ಕದಾಗ್ತಾ ಆಗ್ತಾ ಓರೆ ಗೆರೆಯಂತೆ ಕಾಣುತ್ತವೆ.]

ಕಣ್ಣಿಗೆ ಗೆರೆ ಥರಾನೇ ಕಾಣುತ್ತೆ. ವಿಸ್ತೀರ್ಣವೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತೆ. ಆದ್ರೆ ಅಳೆದ್ರೆ 14 ಅಡಿ, ಯಾವತ್ತೂ 10 ಆಗಲ್ಲ! ಪ್ರತಿ ಮೆಟ್ಟಿಲಲ್ಲೂ ನೀವು ಪೂರ್ವಕ್ಕೋ ದಕ್ಷಿಣಕ್ಕೋ ನಡೀತಿದ್ದೀರಿ, ಓರೆಯಾಗಿ ಒಂದು ಹೆಜ್ಜೆಯೂ ಇಟ್ಟಿಲ್ಲ.

ಪರೀಕ್ಷೆಯಲ್ಲಿ ಇನ್ನೊಂದು ಥರ ಕೇಳ್ತಾರೆ: ಉದ್ದ ಶೇಕಡಾ 10 ಹೆಚ್ಚಿಸಿ, ಅಗಲ ಶೇಕಡಾ 10 ಇಳಿಸಿದ್ರೆ ಸುತ್ತಳತೆ ಎಷ್ಟು? ಹತ್ತು ಹತ್ತಕ್ಕೆ ವಜಾ ಅಂತ ಬರೆದು ಬರಬೇಡಿ. 44 ಮತ್ತು 27, ಕೂಡಿಸಿದ್ರೆ 71, ಸುತ್ತಳತೆ 142. 40ರ ಹತ್ತನೇ ಒಂದು ಭಾಗ 4, 30ರದ್ದು 3. ಅವೆರಡೂ ಸಮ ಅಲ್ಲ. ವಿಸ್ತೀರ್ಣ ಇಳಿದು 1188 ಆಯ್ತು.

ಈಗ ಅದನ್ನೇ ತಿರುಗಿಸಿ. 40ನ್ನ ಶೇಕಡಾ 10 ಇಳಿಸಿ, 30ನ್ನ ಶೇಕಡಾ 10 ಹೆಚ್ಚಿಸಿ, ಸುತ್ತಳತೆ, ವಿಸ್ತೀರ್ಣ ಎರಡನ್ನೂ ಲೆಕ್ಕ ಹಾಕಿ. ಉತ್ತರ ನಾನು ಹೇಳಲ್ಲ, ಪೆನ್ನು ಹಿಡೀರಿ.