ಒಂದು ಮೆನು, ಐದು ದೇಶದ ಅಡುಗೆಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂದಿರಾನಗರದ 12ನೇ ಮೇನ್, ಕೋರಮಂಗಲ, ಚರ್ಚ್ ಸ್ಟ್ರೀಟ್. ಬೆಂಗಳೂರಿನ ಈ ಕಡೆಗಳಲ್ಲಿ ಥಾಯ್ಲೆಂಡ್, ಬರ್ಮಾ, ವಿಯೆಟ್ನಾಂ, ಮಲೇಷ್ಯಾ, ಇಂಡೊನೇಷ್ಯಾದ ಅಡುಗೆಯನ್ನೆಲ್ಲ ಬೆರೆಸಿ ಒಂದೇ ಮೆನುವಿನಲ್ಲಿ ಕೊಡುವ ರೆಸ್ಟೋರೆಂಟುಗಳಿವೆ. ಮೆನು ತೆರೆದರೆ ಪುಟಗಟ್ಟಲೆ ಹೆಸರು. ಕೊನೆಗೆ ಗೊತ್ತಿರುವ ಫ್ರೈಡ್ ರೈಸನ್ನೇ ತಿಂದು ಎದ್ದು ಬರುವವರು ಎಷ್ಟೋ ಮಂದಿ. ಆರ್ಡರ್ ಕೊಡುವ ಮೊದಲು ಏನು ಕೇಳಬೇಕು, ತಟ್ಟೆ ಬಂದ ಮೇಲೆ ಏನು ನೋಡಬೇಕು, ಇವತ್ತಿನ ಮಾತು ಅಷ್ಟೇ.

ಮೊದಲು ಸಸ್ಯಾಹಾರಿಗಳ ವಿಷಯ, ಏಕೆಂದರೆ ಎಡವಟ್ಟಾಗುವುದು ಅಲ್ಲೇ ಹೆಚ್ಚು. ಈ ಅಡುಗೆಗಳಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ಫಿಶ್ ಸಾಸ್ ಮಾಡುತ್ತದೆ. ಸಣ್ಣ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ ಅದು. ಅದರ ಜೊತೆಗೆ ಸಿಗಡಿ ಪೇಸ್ಟ್, ಒಣಸಿಗಡಿ, ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್. ಇವು ಯಾವುವೂ ತಟ್ಟೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ‘ಇದು ವೆಜ್ಜಾ?’ ಎಂದು ಕೇಳಿದರೆ, ಚಿಕನ್ ಬದಲು ತೋಫು ಹಾಕುತ್ತೇವೆ ಎಂಬ ಅರ್ಥದಲ್ಲಿ ‘ಹೌದು’ ಎಂಬ ಉತ್ತರ ಬರಬಹುದು. ಆದ್ದರಿಂದ ಕೇಳಬೇಕಾದ್ದು ಬೇರೆ: ‘ಕರಿಯ ಮಸಾಲೆ ಪೇಸ್ಟ್ ಇಲ್ಲೇ ರುಬ್ಬುತ್ತೀರೋ, ಡಬ್ಬದ್ದೋ?’ ಡಬ್ಬದಲ್ಲಿ ಬರುವ ಥಾಯ್ ಪೇಸ್ಟ್‌ಗಳಲ್ಲಿ ಸಾಮಾನ್ಯವಾಗಿ ಸಿಗಡಿ ಮೊದಲೇ ಸೇರಿರುತ್ತದೆ. ಅಂಥ ಕಡೆ ‘ಫಿಶ್ ಸಾಸ್ ಹಾಕಬೇಡಿ’ ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಇಲ್ಲೇ ರುಬ್ಬುವವರು ಸಿಗಡಿ ಬಿಟ್ಟು ಬೇರೆ ಪೇಸ್ಟ್ ಮಾಡಿಟ್ಟಿರುತ್ತಾರೆ, ಅಥವಾ ಇಲ್ಲವೆಂದು ನೇರವಾಗಿ ಹೇಳುತ್ತಾರೆ. ಆಯ್ಸ್ಟರ್ ಸಾಸ್‌ಗೆ ಅಣಬೆಯಿಂದ ಮಾಡಿದ ಸಸ್ಯಾಹಾರಿ ಬದಲಿ ಇದೆ, ಯಾವುದನ್ನು ಬಳಸುತ್ತಾರೆ ಎಂದು ವಿಚಾರಿಸಿ. ಇಂಡೊನೇಷ್ಯಾದ ಫ್ರೈಡ್ ರೈಸ್ ಆದ ನಾಸಿ ಗೊರೆಂಗ್ ಜೊತೆ ಹಪ್ಪಳದಂತೆ ಕಾಣುವ ಬಿಳಿ ಗರಿಗರಿ ಬರುತ್ತದಲ್ಲ, ಅದರ ಹಿಟ್ಟಿನಲ್ಲೂ ಸಿಗಡಿ ಇರುವುದುಂಟು. ಹಪ್ಪಳ ತಾನೇ ಎಂದು ಬಾಯಿಗೆ ಹಾಕಿಕೊಳ್ಳುವ ಮೊದಲು ಕೇಳಿ.

ಕಡಲೆಕಾಯಿ ಆಗದವರಿಗೆ ಇನ್ನೂ ಎಚ್ಚರ ಬೇಕು. ಕಡ್ಡಿಗೆ ಚುಚ್ಚಿ ಸುಡುವ ಸಾಟೆಯ ಸಾಸ್, ಪ್ಯಾಡ್ ಥಾಯ್ ಎಂಬ ಹುರಿದ ನೂಡಲ್ಸ್, ಮಸ್ಸಮನ್ ಕರಿ, ಪರಂಗಿಕಾಯಿ ಸಲಾಡ್, ಎಲ್ಲದರಲ್ಲೂ ಅದೇ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ರೆಸ್ಟೋರೆಂಟುಗಳು ಅಲರ್ಜಿಯ ಮಾಹಿತಿ ಕೊಡಬೇಕೆಂಬ ನಿಯಮವಿದೆ. ಚಿಕ್ಕ ಜಾಗಗಳಲ್ಲಿ ನೀವೇ ಬಾಯಿಬಿಟ್ಟು ಹೇಳಬೇಕು, ಅದೂ ಆರ್ಡರ್ ಬರೆದುಕೊಳ್ಳುವ ಮೊದಲೇ.

ಇನ್ನು ಏನೇನು ತರಿಸುವುದು? ನಾಲ್ಕು ಜನ ಕೂತಿದ್ದೀರಿ ಎನ್ನಿ. ಒಂದು ಸಲಾಡ್, ಒಂದು ಸೂಪ್, ಅನ್ನದ ಜೊತೆ ಒಂದು ಕರಿ, ಒಂದು ಒಣ ನೂಡಲ್ಸ್. ಅಷ್ಟು ಸಾಕು, ಬೇಕಾದರೆ ಆಮೇಲೆ ಹೇಳಬಹುದು. ತಪ್ಪುವುದು ಎಲ್ಲಿ ಎಂದರೆ, ಥಾಯ್ ಗ್ರೀನ್ ಕರಿ, ಬರ್ಮಾದ ನೂಡಲ್ಸ್ ಸಾರು ಖಾವ್ ಸ್ವೇ, ಮಲೇಷ್ಯಾದ ನೂಡಲ್ಸ್ ಸಾರು ಲಕ್ಸಾ, ಮೂರನ್ನೂ ಒಟ್ಟಿಗೆ ತರಿಸುವುದು. ಮೂರೂ ತೆಂಗಿನಹಾಲಿನವು. ಎರಡನೇ ಬಟ್ಟಲಿಗೇ ನಾಲಿಗೆ ಜಡವಾಗುತ್ತದೆ, ಹೊಟ್ಟೆ ತುಂಬಿಬಿಡುತ್ತದೆ. ಲಕ್ಸಾ ಬೇಕೇ ಬೇಕೆಂದಿದ್ದು, ಮೆನುವಿನಲ್ಲಿ ಮಲೇಷ್ಯಾದ ಪಿನಾಂಗಿನ ಅಸ್ಸಾಂ ಲಕ್ಸಾ ಇದ್ದರೆ ಅದನ್ನು ನೋಡಿ. ಅದು ಹುಣಸೆ ಹುಳಿ ಹಾಕಿದ ಮೀನಿನ ಸಾರು, ತೆಂಗಿನಹಾಲು ಇರುವುದಿಲ್ಲ.

ಸಲಾಡನ್ನು ಮೊದಲು ತರಲು ಹೇಳಿ, ಬಂದ ಕೂಡಲೇ ತಿನ್ನಿ. ಹಸಿ ಪರಂಗಿಕಾಯಿಯನ್ನು ಒರಳಿನಲ್ಲಿ ಜಜ್ಜಿ ಉಪ್ಪು, ಹುಳಿ, ಬೆಲ್ಲ ಬೆರೆಸಿದ್ದು ಅದು. ಕಾಲು ಗಂಟೆ ಬಿಟ್ಟರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಇದರಲ್ಲಿ ಖಾರ ಹೆಚ್ಚುಕಡಿಮೆ ಮಾಡಿಸಬಹುದು. ‘ಸ್ವಲ್ಪ ಖಾರ’ ಎನ್ನುವ ಬದಲು ‘ಒಂದೇ ಮೆಣಸಿನಕಾಯಿ’ ಎಂದು ಲೆಕ್ಕ ಕೊಟ್ಟು ಹೇಳಿ. ಅವರು ಹಾಕುವುದು ನಮ್ಮ ಮಲೆನಾಡಿನ ಸೂಜಿಮೆಣಸಿನಂಥ ಪುಟ್ಟ ಕಾಯಿ. ಕರಿಯಲ್ಲಿ ಹಾಗೆ ಮಾಡಿಸಲಾಗದು, ಮೆಣಸು ಪೇಸ್ಟಿನಲ್ಲೇ ಅರೆದುಹೋಗಿರುತ್ತದೆ. ಹಸಿರು ಬಣ್ಣ ಕಂಡು ಸಪ್ಪೆ ಎಂದುಕೊಳ್ಳಬೇಡಿ. ಹಸಿಮೆಣಸಿನಕಾಯಿಂದ ಗ್ರೀನ್, ಒಣಮೆಣಸಿನಕಾಯಿಂದ ರೆಡ್, ಅಷ್ಟೇ ವ್ಯತ್ಯಾಸ. ಮಕ್ಕಳಿಗಾದರೆ ಮಸ್ಸಮನ್: ಚಕ್ಕೆ, ಲವಂಗ, ಏಲಕ್ಕಿ, ಆಲೂಗಡ್ಡೆ ಇರುವ ಸೌಮ್ಯ ಕರಿ. ಬಾಯಿ ಉರಿದಾಗ ನೀರು ಕುಡಿಯುವುದು ದಂಡ, ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ. ಎರಡು ಚಮಚ ಬರೀ ಅನ್ನ ತಿನ್ನಿ.

ಗ್ರೀನ್ ಕರಿ ಬಂದಾಗ ಮೇಲ್ಭಾಗ ನೋಡಿ. ಅಲ್ಲಲ್ಲಿ ಹಸಿರು ಎಣ್ಣೆ ತೇಲುತ್ತಿದ್ದರೆ ಗಾಬರಿ ಬೇಡ, ಅದೇ ಒಳ್ಳೆಯ ಗುರುತು. ಗಟ್ಟಿ ತೆಂಗಿನಹಾಲನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಆ ಎಣ್ಣೆಯಲ್ಲೇ ಪೇಸ್ಟ್ ಬಾಡಿಸುವುದು ಥಾಯ್ ಕ್ರಮ. ಎಣ್ಣೆಯ ಸುಳಿವೇ ಇಲ್ಲದೆ ಹಿಟ್ಟಿನ ಗಂಜಿಯಂತಿದ್ದರೆ ಕಾರ್ನ್‌ಫ್ಲೋರ್ ಬಿದ್ದಿರುವ ಸಂಭವ ಹೆಚ್ಚು. ಥಾಯ್ಲೆಂಡಿನ ಹುಳಿಖಾರದ ಟಾಮ್ ಯಮ್ ಸೂಪಿನಲ್ಲಿ ಸಿಗುವ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ತುಂಡು, ಶುಂಠಿಯಂಥ ಗಲಾಂಗಲ್ ಗಡ್ಡೆಯ ಬಿಲ್ಲೆ, ನಿಂಬೆ ಎಲೆ ತಿನ್ನಲಿಕ್ಕಲ್ಲ, ಸಾರಿನ ಕರಿಬೇವಿನಂತೆ ಬದಿಗಿಡಿ. ಈ ಸೂಪಿನ ಸಿಗಡಿ ಬಗೆ 2024ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಪ್ಯಾಡ್ ಥಾಯ್ ಅಡುಗೆಮನೆಯ ಕೈಗುಣವನ್ನು ಬಯಲು ಮಾಡುವ ತಿನಿಸು. ಅಕ್ಕಿ ನೂಡಲ್ಸನ್ನು ತಣ್ಣೀರಿನಲ್ಲಿ ಅರ್ಧ, ಮುಕ್ಕಾಲು ಗಂಟೆ ನೆನೆಸಿ, ಬಾಗುವಂತಾದರೂ ಒಳಗೆ ಇನ್ನೂ ಗಡುಸಾಗಿರುವಾಗ ಬಾಣಲೆಗೆ ಹಾಕಬೇಕು. ಕುದಿನೀರಿನಲ್ಲಿ ನೆನೆಸಿದರೆ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಒಂದೇ ಸಲ ನಾಲ್ಕು ಪ್ಲೇಟಿನಷ್ಟು ಹಾಕಿದರೆ ಬಾಣಲೆ ತಣ್ಣಗಾಗಿ, ಹುರಿಯುವ ಬದಲು ಬೇಯುತ್ತದೆ. ಶನಿವಾರ ರಾತ್ರಿಯ ನೂಕುನುಗ್ಗಲಲ್ಲಿ ಆಗುವುದು ಇದೇ. ಹಾಗಾಗಿ ನೂಡಲ್ಸ್ ತಿನ್ನಲು ವಾರದ ಮಧ್ಯಾಹ್ನ ವಾಸಿ. ಫೋರ್ಕಿನಲ್ಲಿ ಎತ್ತಿದರೆ ಎಳೆ ಬಿಡಿಬಿಡಿಯಾಗಿ ಬರಬೇಕು. ಬಣ್ಣ ತಿಳಿಗಂದು ಇರಬೇಕು. ಹುಣಸೆ, ತಾಳೆಬೆಲ್ಲದ ಬಣ್ಣ ಅದು. ಕಡುಕೆಂಪಾಗಿದ್ದರೆ ಟೊಮೆಟೊ ಕೆಚಪ್. ಬದಿಯಲ್ಲಿ ಕೊಡುವ ನಿಂಬೆಯನ್ನು ತಿನ್ನುವ ಮುಂಚೆ ಹಿಂಡಿ, ಅದಿಲ್ಲದೆ ಸಿಹಿಯೇ ಮುಂದಾಗುತ್ತದೆ.

ಬರ್ಮಾದ ಖಾವ್ ಸ್ವೇಯಲ್ಲಿ ಕರಿದ ಬೆಳ್ಳುಳ್ಳಿ, ಈರುಳ್ಳಿ, ಕಡಲೆಕಾಯಿ, ನಿಂಬೆ, ಕೊತ್ತಂಬರಿ ಬೇರೆ ಬೇರೆ ಬಟ್ಟಲಲ್ಲಿ ಬರುತ್ತವೆ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಗರಿಗರಿಯೆಲ್ಲ ನೆನೆದುಹೋಗುತ್ತದೆ, ಆಗಾಗ ಚೂರುಚೂರೇ ಉದುರಿಸಿಕೊಳ್ಳಿ. ಇದರ ನೂಡಲ್ಸ್ ಹೆಚ್ಚಾಗಿ ಮೊಟ್ಟೆಯದು. ಬೇಡದವರು ಅಕ್ಕಿ ನೂಡಲ್ಸ್ ಕೇಳಬಹುದು.

ಚಾಪ್‌ಸ್ಟಿಕ್ ಹಿಡಿಯಲು ಬರುವುದಿಲ್ಲವೆಂದು ನಾಚಿಕೊಳ್ಳುವುದು ಬೇಡ. ಥಾಯ್ಲೆಂಡಿನಲ್ಲೇ ಅನ್ನ, ಕರಿ ತಿನ್ನುವುದು ಚಮಚದಲ್ಲಿ. ಎಡಗೈಯ ಫೋರ್ಕ್ ಚಮಚದೊಳಗೆ ತಳ್ಳಲಿಕ್ಕೆ ಮಾತ್ರ.

ಹೀಗೆ ಅಡುಗೆ ಬೆರೆಸುವ ಫ್ಯೂಷನ್ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಮಲೇಷ್ಯಾದ ರೋಟಿ ಚನಾಯ್ ದಕ್ಷಿಣ ಭಾರತದಿಂದ ಹೋದ ಪರೋಟವೇ. ಅಲ್ಲಿ ಬಲೆಬಲೆಯಾದ ತೆಳು ದೋಸೆ, ರೋಟಿ ಜಾಲವನ್ನು ಕೋಳಿ ಕರಿಗೆ ಅದ್ದಿ ತಿನ್ನುತ್ತಾರೆ. ಹಾಗಾಗಿ ಗ್ರೀನ್ ಕರಿಗೆ ನೀರುದೋಸೆ ಜೋಡಿಸಿದರೆ ಅದು ಹೊಂದುತ್ತದೆ. ನಿಂಬೆ ಎಲೆ, ಮಜ್ಜಿಗೆ ಹುಲ್ಲಿನ ತಿನಿಸಿನ ಮೇಲೆ ಚೀಸ್ ಸುರಿದರೆ ಮಾತ್ರ ಎರಡೂ ಕೆಡುತ್ತವೆ. ಚೀಸಿನ ಜಿಡ್ಡು ಆ ಘಮವನ್ನು ಮುಚ್ಚಿಬಿಡುತ್ತದೆ.

ಬಿಲ್ ಬಂದಾಗ ಎರಡು ಸಾಲು ಗಮನಿಸಿ. ಇಂಥ ರೆಸ್ಟೋರೆಂಟುಗಳಲ್ಲಿ ಊಟದ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಶೇ 5. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಂತೆ ಅದನ್ನು ಕಡ್ಡಾಯ ಮಾಡುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದು ಕೇಳಬಹುದು, ಬಡಿಸಿದವರಿಗೆ ಟಿಪ್ಸ್ ಕೈಯಲ್ಲೇ ಕೊಡಬಹುದು.

ಮಿಕ್ಕಿದ್ದನ್ನು ಕಟ್ಟಿಸಿಕೊಳ್ಳುವಾಗ ಸಾರು ಬೇರೆ, ನೂಡಲ್ಸ್ ಬೇರೆ ಮಾಡಿಸಿ. ಒಟ್ಟಿಗೆ ಕಟ್ಟಿದರೆ ಮನೆ ಸೇರುವಷ್ಟರಲ್ಲಿ ನೂಡಲ್ಸೇ ಸಾರನ್ನು ಹೀರಿ ಉಬ್ಬಿರುತ್ತದೆ. ಕರಿ, ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ. ವಿಯೆಟ್ನಾಮಿನ ರೈಸ್ ಪೇಪರ್ ರೋಲನ್ನು ಮಾತ್ರ ಕಟ್ಟಿಸಬೇಡಿ. ಫ್ರಿಜ್ಜಿನಲ್ಲಿ ಅದು ರಬ್ಬರಿನಂತೆ ಬಿರುಸಾಗುತ್ತದೆ, ಅಲ್ಲೇ ಮುಗಿಸಿ ಏಳಿ.

ನಮಸ್ಕಾರ.