ನಕ್ಷತ್ರಕ್ಕೆ ಮರೆ ಹಿಡಿದು ಗ್ರಹ ನೋಡುವ ದೂರದರ್ಶಕ

ಕೇಳುಗ ಬಂಧುಗಳೇ, ನಮಸ್ಕಾರ.

2019ರ ಡಿಸೆಂಬರ್ 26ರಂದು ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಅಂದು ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಲಿಲ್ಲ. ಅಂಚಿನಲ್ಲಿ ಉಳಿದ ಅಷ್ಟು ಬೆಳಕೇ ಸಾಕಾಯಿತು, ಸೂರ್ಯನ ಸುತ್ತಲಿನ ಹೊರ ವಾತಾವರಣವಾದ ಕರೋನಾ ಕಣ್ಣಿಗೆ ಬೀಳಲಿಲ್ಲ. ಕರೋನಾ ಸೂರ್ಯನಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ದೂರದಿಂದ ನೋಡುವವರಿಗೆ ನಮ್ಮ ಭೂಮಿಯೋ, ಸೂರ್ಯನಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂಕು. ಬೇರೆ ನಕ್ಷತ್ರಗಳ ಬಳಿ ಇಂಥ ಗ್ರಹವನ್ನು ಹುಡುಕುವ ಕಷ್ಟ ಇರುವುದು ಇಲ್ಲಿ.

33 ಜ್ಯೋತಿರ್ವರ್ಷ ಆಚೆಯಿಂದ ಸೂರ್ಯನಿಗೂ ಭೂಮಿಗೂ ನಡುವೆ ಕಾಣುವ ಕೋನ 0.1 ಆರ್ಕ್‌ಸೆಕೆಂಡು (ಡಿಗ್ರಿಯ 3600ರಲ್ಲೊಂದು ಪಾಲು ಒಂದು ಆರ್ಕ್‌ಸೆಕೆಂಡು). ಮಂಗಳೂರಿನಲ್ಲಿಟ್ಟ ಒಂದು ರೂಪಾಯಿ ನಾಣ್ಯ ಕಾಸರಗೋಡಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಅಗಲಕ್ಕೆ. ಬೆಳಕಿನ ತರಂಗಾಂತರವನ್ನು ದೂರದರ್ಶಕದ ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ನಕ್ಷತ್ರದ ಬಿಂಬದ ಅಗಲ ಸಿಗುತ್ತದೆ. ಅದರ ಸುಮಾರು ಮೂರು ಪಟ್ಟು ದೂರದವರೆಗೆ ನಕ್ಷತ್ರದ ಬೆಳಕಿಗೆ ಮರೆ ಬೇಕು. ಜೀವದ ಸುಳಿವಾಗಬಲ್ಲ ಆಮ್ಲಜನಕ ಹೀರುವ 760 ನ್ಯಾನೋಮೀಟರ್ ಬೆಳಕಿನಲ್ಲಿ, ಹಬಲ್‌ನಂಥ 2.4 ಮೀಟರ್ ಕನ್ನಡಿಗೆ ಈ ಲೆಕ್ಕ 0.2 ಆರ್ಕ್‌ಸೆಕೆಂಡಿಗೆ ಬರುತ್ತದೆ. ಗ್ರಹವೂ ಮರೆಯೊಳಗೇ ಹೋಯಿತು! 6 ಮೀಟರ್ ಕನ್ನಡಿಯಾದರೆ 0.08, ಗ್ರಹ ಹೊರಗುಳಿಯುತ್ತದೆ. ಜೀವಯೋಗ್ಯ ಗ್ರಹಗಳನ್ನು ಹುಡುಕಲು ನಾಸಾ ಯೋಜಿಸಿರುವ ಬಾಹ್ಯಾಕಾಶ ದೂರದರ್ಶಕ ಹ್ಯಾಬಿಟೆಬಲ್ ವರ್ಲ್ಡ್ಸ್ ಅಬ್ಸರ್ವೇಟರಿಯ ಕನ್ನಡಿ ಸುಮಾರು 6 ಮೀಟರ್ ಇರಬೇಕೆನ್ನುವುದಕ್ಕೆ ಇದೊಂದು ದೊಡ್ಡ ಕಾರಣ.

ಮರೆ ಹಿಡಿಯುವ ಉಪಕರಣವೇ ಕರೋನಾಗ್ರಾಫ್. ಬಿಂಬದ ನಡುವೆ ಒಂದು ಮರೆ. ಅದರ ಅಂಚಿನಲ್ಲಿ ಬಾಗಿ ತಪ್ಪಿಸಿಕೊಂಡ ಬೆಳಕು ಮುಂದೆ ಉಂಗುರವಾಗಿ ಸೇರುವ ಜಾಗದಲ್ಲಿ ಇನ್ನೊಂದು ತಡೆ. ಇಷ್ಟಾದರೂ ಕನ್ನಡಿಯ ಉಬ್ಬುತಗ್ಗುಗಳಿಂದ ಚದುರಿದ ಬೆಳಕು ಚುಕ್ಕೆಚುಕ್ಕೆಯಾಗಿ ಉಳಿಯುತ್ತದೆ. ನೋಡಲು ಥೇಟ್ ಗ್ರಹದ ಹಾಗೆಯೇ. ಇದನ್ನು ಅಳಿಸಲು ಆಕಾರ ಬದಲಿಸುವ ಕನ್ನಡಿ ಬೇಕು. ನಾಸಾದ ರೋಮನ್ ಬಾಹ್ಯಾಕಾಶ ದೂರದರ್ಶಕದ ಕರೋನಾಗ್ರಾಫಿನಲ್ಲಿ ಇಂಥವು ಎರಡು. ಒಂದೊಂದರ ಬೆನ್ನಿಗೂ 48 ಸಾಲು, ಸಾಲಿಗೆ 48 ಆಕ್ಚುಯೇಟರುಗಳು, ಅಂದರೆ ಕನ್ನಡಿಯನ್ನು ತಳ್ಳಿ ಎಳೆಯುವ ಪುಟ್ಟ ಸಾಧನಗಳು. ಕನ್ನಡಿಯನ್ನು ತುಸು ಬಾಗಿಸಿ, ಚುಕ್ಕೆ ಹೇಗೆ ಬದಲಾಯಿತೆಂದು ಕ್ಯಾಮೆರಾದಲ್ಲಿ ಅಳೆದು, ಲೆಕ್ಕ ಹಾಕಿ ಮತ್ತೆ ಬಾಗಿಸುತ್ತಾರೆ.

ಹೀಗೆ ಕಷ್ಟಪಟ್ಟು ಪಡೆದ ಕತ್ತಲೆ ಗಂಟೆಗಟ್ಟಲೆ ಕೆಡದೆ ನಿಲ್ಲಬೇಕು. ಅದಕ್ಕೆ ಕನ್ನಡಿ ಅಲುಗಬಹುದಾದದ್ದು 10 ಪಿಕೋಮೀಟರಿನಷ್ಟು, ಅಂದರೆ ಜಲಜನಕದ ಪರಮಾಣುವಿನ ಹತ್ತರಲ್ಲೊಂದು ಪಾಲು ಮಾತ್ರ. ದೂರದರ್ಶಕ ಬೇರೆ ನಕ್ಷತ್ರದತ್ತ ತಿರುಗಿದರೆ ಬಿಸಿಲು ಬೀಳುವ ಕೋನ ಬದಲಾಗಿ ಚೌಕಟ್ಟು ಹಿಗ್ಗುತ್ತದೆ. ತಿರುಗಿಸುವ ಚಕ್ರಗಳೇ ನಡುಕ ಹುಟ್ಟಿಸುತ್ತವೆ. ಅದಕ್ಕಾಗಿ ಬಿಸಿಗೆ ಹಿಗ್ಗದ ಗಾಜು, ಉಷ್ಣತೆಯನ್ನು ಡಿಗ್ರಿಯ ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚು ಏರುಪೇರಾಗದಂತೆ ಹಿಡಿದಿಡುವ ಹೀಟರು, ಕನ್ನಡಿಯ ತುಂಡುಗಳ ಸ್ಥಾನ ಅಳೆಯುವ ಲೇಸರು ಬೇಕು. ಕನ್ನಡಿಯನ್ನು ಇನ್ನಷ್ಟು ದೊಡ್ಡದು ಮಾಡುವ ಮೊದಲು ಹಣವೂ ಶ್ರಮವೂ ಹೋಗಬೇಕಾದದ್ದು ಈ ಸ್ಥಿರತೆಗೆ ಎಂಬುದು ನನ್ನ ದೃಢ ಅಭಿಪ್ರಾಯ. ಆಮೇಲೂ ಸಂಶಯ ಉಳಿದರೆ ದೂರದರ್ಶಕವನ್ನು ಅದರ ಅಕ್ಷದ ಸುತ್ತ ತುಸು ಹೊರಳಿಸುತ್ತಾರೆ: ಕನ್ನಡಿಯಿಂದಾದ ಚುಕ್ಕೆ ಚಿತ್ರದಲ್ಲಿ ಇದ್ದಲ್ಲೇ ಇರುತ್ತದೆ, ಗ್ರಹ ಜಾಗ ಬದಲಿಸುತ್ತದೆ.

ಗ್ರಹ ಸಿಕ್ಕಿದರೂ ಕ್ಯಾಮೆರಾ ತಲುಪುವುದು ನಿಮಿಷಕ್ಕೆ ಕೆಲವೇ ಫೋಟಾನು, ಅಂದರೆ ಬೆಳಕಿನ ಕಣ. ಆಮ್ಲಜನಕವೊಂದೇ ಕಂಡರೆ ಜೀವವಿದೆ ಎನ್ನಲಾಗದು. ನೇರಳಾತೀತ ಕಿರಣ ನೀರನ್ನು ಒಡೆದಾಗಲೂ ಆಮ್ಲಜನಕ ಹುಟ್ಟಿ ಉಳಿಯಬಲ್ಲದು. ಹಾಗಾಗಿ 940 ನ್ಯಾನೋಮೀಟರಿನಲ್ಲಿ ನೀರಾವಿಯನ್ನೂ ನೋಡಬೇಕು. ಅಲ್ಲಿ ಅದೇ 6 ಮೀಟರ್ ಕನ್ನಡಿಯ ಮರೆ 0.1 ಆರ್ಕ್‌ಸೆಕೆಂಡಿಗೆ ಹಿಗ್ಗಿ ಗ್ರಹವನ್ನು ಮುಟ್ಟಿಬಿಡುತ್ತದೆ. ಆದ್ದರಿಂದ ಈ ಪರೀಕ್ಷೆ ಸಲೀಸಾಗಿ ನಡೆಯುವುದು 33 ಜ್ಯೋತಿರ್ವರ್ಷಕ್ಕಿಂತ ಹತ್ತಿರದ ನಕ್ಷತ್ರಗಳಲ್ಲಿ. ಡಿಸೆಂಬರಿನಲ್ಲಿ ರಾತ್ರಿ ಎಂಟರ ಹೊತ್ತಿಗೆ ತೆಂಕು ದಿಕ್ಕಿನಲ್ಲಿ ಬರಿಗಣ್ಣಿಗೆ ಕಾಣುವ ಟೌ ಸೆಟಿ ಅಂಥದ್ದು, 12 ಜ್ಯೋತಿರ್ವರ್ಷ ದೂರ. ಅದರ ಸುತ್ತ ಧೂಳಿನ ಪಟ್ಟಿಯೂ ಇರುವುದರಿಂದ, ಆ ಧೂಳಿನ ಹೊಳಪನ್ನು ಕಳೆದೇ ಗ್ರಹದ ಬೆಳಕನ್ನು ಲೆಕ್ಕ ಹಾಕಬೇಕಾಗುತ್ತದೆ.

ನಮಸ್ಕಾರ.